ತಳ್ಳುವುದೋ ಸೆಳೆಯುವುದೋ: ದೂರದ ಸರ್ವರಿನಲ್ಲಿ ಗುಪ್ತ ಬ್ಯಾಕಪ್

— ಬ್ಯಾಕಪ್ ಎಂದರೆ ಕಡತದ ಇನ್ನೊಂದು ಪ್ರತಿ. ಆ ಪ್ರತಿ ಬೇರೆ ಊರಿನಲ್ಲಿದ್ದರೆ ಅದು ದೂರದ ಬ್ಯಾಕಪ್. ಅದು ಅಲ್ಲಿಗೆ ತಲುಪುವ ದಾರಿ ಎರಡು. ಮೂಲ ಕಂಪ್ಯೂಟರೇ ಹೊತ್ತಿಗೆ ಸರಿಯಾಗಿ ಸರ್ವರನ್ನು ಸಂಪರ್ಕಿಸಿ ತನ್ನ ಕಡತಗಳನ್ನು ಒಪ್ಪಿಸಿದರೆ ಅದು ಪುಶ್, ಅಂದರೆ ತಳ್ಳುವ ಕ್ರಮ. ಸರ್ವರೇ ಮೂಲ ಕಂಪ್ಯೂಟರಿಗೆ ಲಾಗಿನ್ ಆಗಿ ಕಡತಗಳನ್ನು ಒಯ್ದರೆ ಅದು ಪುಲ್, ಸೆಳೆಯುವ ಕ್ರಮ.

— ಎರಡರಲ್ಲೂ ಅದೇ ಕಡತ ಅದೇ ಡಿಸ್ಕಿಗೆ ಬಂದು ಸೇರುವುದಾದರೆ, ಮೊದಲು ಕರೆ ಮಾಡಿದವರು ಯಾರು ಎನ್ನುವುದು ಅಷ್ಟು ಮುಖ್ಯವೇ?

— ಎಲ್ಲ ಸರಿಯಾಗಿರುವ ದಿನ ಮುಖ್ಯವಲ್ಲ. ಎರಡರಲ್ಲಿ ಒಂದು ಯಂತ್ರ ಕಳ್ಳನ ಕೈಗೆ ಸಿಕ್ಕ ದಿನ ಅದಕ್ಕಿಂತ ಮುಖ್ಯವಾದದ್ದು ಬೇರೆ ಇಲ್ಲ. ಕರೆ ಮಾಡುವ ಯಂತ್ರದ ಬಳಿ ಎದುರಿನ ಯಂತ್ರಕ್ಕೆ ಲಾಗಿನ್ ಆಗುವ ಕೀಲಿ ಇರಲೇಬೇಕು. ದಾವಣಗೆರೆ ಜಿಲ್ಲೆಯ ನಾಲ್ಕು ತಾಲ್ಲೂಕುಗಳ ಕಚೇರಿಗಳು ದಾವಣಗೆರೆಯ ಒಂದು ಸರ್ವರಿನಲ್ಲಿ ಬ್ಯಾಕಪ್ ಇಡುತ್ತವೆ ಎಂದುಕೊಳ್ಳೋಣ. ತಳ್ಳುವ ಕ್ರಮದಲ್ಲಿ ಚನ್ನಗಿರಿಯ ಅಡಿಕೆ ಮಂಡಿಯ ಕಂಪ್ಯೂಟರಿನೊಳಗೆ ದಾವಣಗೆರೆಯ ಸರ್ವರಿನ ಕೀಲಿ ಇರುತ್ತದೆ. ಸೆಳೆಯುವ ಕ್ರಮದಲ್ಲಿ ದಾವಣಗೆರೆಯ ಸರ್ವರಿನೊಳಗೆ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ನಾಲ್ಕೂ ಕಡೆಯ ಕಂಪ್ಯೂಟರುಗಳ ಕೀಲಿಗಳು ಒಟ್ಟಿಗೆ ಕೂತಿರುತ್ತವೆ. ಮೊದಲನೆಯದರಲ್ಲಿ ಮಂಡಿಗೆ ನುಗ್ಗಿದವನು ಬ್ಯಾಕಪ್ಪಿನವರೆಗೆ ಹೋಗಬಲ್ಲ. ಎರಡನೆಯದರಲ್ಲಿ ಸರ್ವರಿಗೆ ನುಗ್ಗಿದವನು ನಾಲ್ಕೂ ಊರಿನ ಕಚೇರಿಗಳ ಒಳಗೆ ಹೋಗಬಲ್ಲ. ಈ ವಿಷಯದಲ್ಲಿ ಆಯ್ಕೆ ಎಂದರೆ ಈ ಎರಡು ಅಪಾಯಗಳ ನಡುವಿನ ಆಯ್ಕೆ.

— ಅದಕ್ಕೂ ಮೊದಲಿನ ಪ್ರಶ್ನೆಯೊಂದಿದೆ. ತಾಲ್ಲೂಕು ಮಟ್ಟದ ಒಂದು ಸಣ್ಣ ಕಚೇರಿಗೆ ದೂರದ ಬ್ಯಾಕಪ್ಪೇ ಬೇಕೆ? ಬೀರುವಿನಲ್ಲಿ ಒಂದು ಪೆನ್‌ಡ್ರೈವ್ ಇಟ್ಟರೆ ಸಾಲದೆ?

— ಸಾಲದು ಎನ್ನುವುದಕ್ಕೆ ಸಾಕ್ಷಿ ನ್ಯಾಮತಿಯಲ್ಲೇ ಇದೆ. 2024ರ ಅಕ್ಟೋಬರ್ ಕೊನೆಯಲ್ಲಿ ಅಲ್ಲಿನ ಸ್ಟೇಟ್ ಬ್ಯಾಂಕ್ ಶಾಖೆಯಿಂದ ಜನ ಅಡವಿಟ್ಟಿದ್ದ ಸುಮಾರು 17 ಕಿಲೋ ಚಿನ್ನ ಕಳವಾಯಿತು. ಕಳ್ಳರು ಶಾಖೆಯೊಳಗೆ ಖಾರದ ಪುಡಿ ಎರಚಿದರು. ಹೋಗುವಾಗ ಸಿಸಿಟಿವಿಯ ದೃಶ್ಯ ದಾಖಲಾಗುತ್ತಿದ್ದ ಡಿವಿಆರ್ ಪೆಟ್ಟಿಗೆಯನ್ನೂ ಕಿತ್ತುಕೊಂಡು ಹೋದರು. ದಾವಣಗೆರೆ ಪೊಲೀಸರು ಪ್ರಕರಣ ಭೇದಿಸುವ ಹೊತ್ತಿಗೆ 2025ರ ಮಾರ್ಚ್ ಕೊನೆಯಾಗಿತ್ತು. ಚಿನ್ನ ಸಿಕ್ಕಿದ್ದು ತಮಿಳುನಾಡಿನ ಮಧುರೈ ಜಿಲ್ಲೆಯ ಉಸಿಲಂಪಟ್ಟಿ ಕಡೆಯ ಒಂದು ಬಾವಿಯಲ್ಲಿ. ಆ ತಿಂಗಳುಗಳಲ್ಲಿ ಪೊಲೀಸರು ಪಟ್ಟ ಶ್ರಮ ದೊಡ್ಡದು, ಪತ್ತೆಯಾದದ್ದು ನೂರಾರು ಕುಟುಂಬಗಳ ಪುಣ್ಯ. ಆದರೆ ಘಟನೆಯ ದಾಖಲೆ ಘಟನೆ ನಡೆದ ಕೋಣೆಯಲ್ಲೇ ಇದ್ದರೆ ಸೊತ್ತೂ ದಾಖಲೆಯೂ ಒಟ್ಟಿಗೇ ಹೋಗುತ್ತವೆ. ಬೀರುವಿನ ಪೆನ್‌ಡ್ರೈವಿನ ಪಾಡೂ ಇದೇ.

— ಈ ಉದಾಹರಣೆಯಲ್ಲಿ ತಳ್ಳುವ ಕ್ರಮದ ಪರವಾಗಿ ಒಂದು ಬಲವಾದ ವಾದ ಅಡಗಿದೆ. ರಾತ್ರಿ ಎರಡು ಗಂಟೆಗೆ ಸರ್ವರ್ ಬಂದು ದೃಶ್ಯಗಳನ್ನು ಸೆಳೆದುಕೊಳ್ಳುವ ಏರ್ಪಾಡು ಇದ್ದು, ಪೆಟ್ಟಿಗೆ ಹನ್ನೆರಡಕ್ಕೇ ಹೋಗಿದ್ದರೆ ಸರ್ವರಿಗೆ ಸಿಗುವುದು ಖಾಲಿ ಗೋಡೆ. ಯಾವ ಕ್ಷಣದಲ್ಲಿ ಏನು ಬದಲಾಯಿತು ಎನ್ನುವುದು ಮೂಲದಲ್ಲಿರುವ ಯಂತ್ರಕ್ಕೆ ಮಾತ್ರ ಗೊತ್ತು. ಬದಲಾದ ಕೂಡಲೇ ಕಳಿಸುವುದು ತಳ್ಳುವವರಿಂದ ಮಾತ್ರ ಆಗುವ ಕೆಲಸ.

— ಒಪ್ಪತಕ್ಕ ಮಾತು. ಆದರೆ ಎಲ್ಲವನ್ನೂ ಹಾಗೆ ಕಳಿಸಲಾಗದು. ಸೆಕೆಂಡಿಗೆ 2 ಮೆಗಾಬಿಟ್ ಲೆಕ್ಕದಲ್ಲಿ ದಾಖಲಿಸುವ ಒಂದೇ ಕ್ಯಾಮೆರಾ ದಿನಕ್ಕೆ 21 ಗಿಗಾಬೈಟಿಗೂ ಹೆಚ್ಚು ತುಂಬಿಸುತ್ತದೆ. ಆದ್ದರಿಂದ ಚಲನೆ ಕಂಡಾಗಿನ ತುಣುಕುಗಳನ್ನು ಮಾತ್ರ, ಅದರಲ್ಲೂ ಬಾಗಿಲು ಹಾಕಿದ ಮೇಲಿನವನ್ನು ಮಾತ್ರ ತಳ್ಳುವುದು ಸಾಧ್ಯವಾದ ದಾರಿ. ಲೆಕ್ಕಪತ್ರದ ಕಡತಗಳಿಗೆ ಈ ಕಷ್ಟವಿಲ್ಲ. ಒಂದು ಕಚೇರಿಯ ಒಟ್ಟು ಕಡತ 20 ಗಿಗಾಬೈಟ್ ಇದ್ದು, ಹೊರಹೋಗುವ ವೇಗ 5 ಮೆಗಾಬಿಟ್ ಇದ್ದರೆ ಮೊದಲ ಸಲ ಕಳಿಸಲು ಸುಮಾರು 9 ಗಂಟೆ ಹಿಡಿಯುತ್ತದೆ. ಆಮೇಲೆ ದಿನವೂ ಬದಲಾಗುವುದು 200 ಮೆಗಾಬೈಟ್ ಎಂದುಕೊಂಡರೆ ಐದಾರು ನಿಮಿಷ ಸಾಕು. ರೆಸ್ಟಿಕ್, ಬೋರ್ಗ್‌ನಂಥ ಮುಕ್ತ ತಂತ್ರಾಂಶಗಳು ಕಡತವನ್ನು ತುಂಡುಗಳಾಗಿ ಒಡೆದು, ಸರ್ವರಿನಲ್ಲಿ ಈಗಾಗಲೇ ಇರುವ ತುಂಡನ್ನು ಮತ್ತೆ ಕಳಿಸದೆ ಬಿಡುತ್ತವೆ. ಜಗಳೂರಿನಲ್ಲಿ ಕರೆಂಟು ಹೋಗಿ ನಡುವೆ ನಿಂತರೂ ಆಗಲೇ ಮುಟ್ಟಿದ ತುಂಡುಗಳು ಬಹುಪಾಲು ವ್ಯರ್ಥವಾಗುವುದಿಲ್ಲ.

— ಸರಕಾರಿ ದಾಖಲೆಗಳು ಈ ಚರ್ಚೆಯೊಳಗೆ ಬರುತ್ತವೆಯೇ?

— ಈಗ ಹೆಚ್ಚಾಗಿ ಬರುವುದಿಲ್ಲ. 2000ದ ಆಸುಪಾಸಿನಲ್ಲಿ ಭೂಮಿ ಯೋಜನೆ ಬಂದಾಗ ರಾಜ್ಯದ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಏರಿದವು. ಆರಂಭದ ವರ್ಷಗಳಲ್ಲಿ ಪ್ರತಿ ತಾಲ್ಲೂಕು ಕಚೇರಿಯಲ್ಲೂ ಅದರದೇ ಸರ್ವರ್ ಇತ್ತು, ಆ ಸರ್ವರಿನ ಪ್ರತಿ ಮೇಲಕ್ಕೆ ಹೋಗಬೇಕಿತ್ತು. ನಂತರ ದಾಖಲೆಗಳೆಲ್ಲ ರಾಜ್ಯ ದತ್ತಾಂಶ ಕೇಂದ್ರಕ್ಕೆ ಸೇರಿದವು. ತಾಲ್ಲೂಕು ಕಚೇರಿಯಲ್ಲಿ ಉಳಿದದ್ದು ಅದನ್ನು ನೋಡುವ ಪರದೆ. ಅಲ್ಲಿ ತಳ್ಳುವ ಸೆಳೆಯುವ ಪ್ರಶ್ನೆ ತಾಲ್ಲೂಕಿನ ಕೈ ಬಿಟ್ಟಿದೆ. ಉಳಿದಿರುವುದು ಖಾಸಗಿ ಮತ್ತು ಸಹಕಾರಿ ಲೋಕ. ಚನ್ನಗಿರಿಯ ಅಡಿಕೆ ಮಂಡಿಯ ಟ್ಯಾಲಿ ಲೆಕ್ಕ, ಹೊನ್ನಾಳಿಯ ನರ್ಸಿಂಗ್ ಹೋಮಿನ ರೋಗಿಗಳ ಕಡತ, ನ್ಯಾಮತಿಯ ಪತ್ತಿನ ಸಂಘದ ಲೆಡ್ಜರು, ಜಗಳೂರಿನ ಶಾಲೆಯ ದಾಖಲಾತಿ, ಮದುವೆ ಚಿತ್ರಗಳನ್ನು ಇಟ್ಟುಕೊಂಡಿರುವ ಸ್ಟುಡಿಯೋ. ಇವುಗಳಿಗೆ ದತ್ತಾಂಶ ಕೇಂದ್ರವಿಲ್ಲ, ಮೇಲ್ವಿಚಾರಕರಿಲ್ಲ. ಹೆಚ್ಚಿನ ಕಡೆ ಹಗಲಿಡೀ ಲೆಕ್ಕ ಬರೆಯುವವರೇ ರಾತ್ರಿಯ ಬ್ಯಾಕಪ್ಪಿಗೂ ಹೊಣೆ.

— ಇಂಥ ಕಡೆ ಸೆಳೆಯುವ ಕ್ರಮ ಅನುಕೂಲವಲ್ಲವೇ? ಒಂದೇ ಸರ್ವರಿನಲ್ಲಿ ಒಬ್ಬರು ಕೂತು ಎಲ್ಲ ಕಚೇರಿಗಳ ವೇಳಾಪಟ್ಟಿ ಇಟ್ಟುಕೊಳ್ಳಬಹುದು. ಯಾವ ಯಂತ್ರ ಉತ್ತರಿಸಲಿಲ್ಲ ಎನ್ನುವುದು ಅದೇ ರಾತ್ರಿ ತಿಳಿಯುತ್ತದೆ. ಕಚೇರಿಯವರು ಏನನ್ನೂ ನೆನಪಿಟ್ಟುಕೊಳ್ಳಬೇಕಿಲ್ಲ.

— ಅನುಕೂಲ ನಿಜ. ಆದರೆ ಅದು ಮೊದಲ ಹೆಜ್ಜೆಯಲ್ಲೇ ಎಡವುತ್ತದೆ. ಸರ್ವರ್ ಹೊರಗಿನಿಂದ ಕಚೇರಿಯ ಕಂಪ್ಯೂಟರನ್ನು ಮುಟ್ಟಬೇಕಾದರೆ ಆ ಕಂಪ್ಯೂಟರಿಗೆ ಹೊರಗಿನವರಿಗೆ ಕಾಣುವ ವಿಳಾಸ ಬೇಕು. ಮೊಬೈಲ್ ಇಂಟರ್‌ನೆಟ್ಟಿನಲ್ಲೂ ಹಲವು ಬ್ರಾಡ್‌ಬ್ಯಾಂಡ್ ಸಂಪರ್ಕಗಳಲ್ಲೂ ಅದು ಸಿಗುವುದಿಲ್ಲ. ಕಂಪನಿಯವರು ಸಾಕಷ್ಟು ಗ್ರಾಹಕರನ್ನು ಒಂದೇ ವಿಳಾಸದ ಹಿಂದೆ ಕೂರಿಸಿರುತ್ತಾರೆ. ಇದಕ್ಕೆಂದೇ 2012ರಲ್ಲಿ ಒಂದು ವಿಳಾಸ ಸರಣಿಯನ್ನು ಮೀಸಲಿಟ್ಟರು. ರೌಟರಿನ ಪುಟದಲ್ಲಿ ಹೊರಗಿನ ವಿಳಾಸದ ಮೊದಲ ಸಂಖ್ಯೆ 100, ಎರಡನೆಯದು 64ರಿಂದ 127ರೊಳಗೆ ಇದ್ದರೆ ಆ ಕಚೇರಿ ಅಂಥ ಸಂಪರ್ಕದಲ್ಲಿದೆ ಎಂದು ತಿಳಿಯಬೇಕು. ಅಲ್ಲಿಂದ ಹೊರಗೆ ಕರೆ ಹೋಗುತ್ತದೆ, ಒಳಗೆ ಬರುವುದಿಲ್ಲ. ತಳ್ಳುವುದಕ್ಕೆ ಇಷ್ಟು ಸಾಕು, ಸೆಳೆಯುವುದಕ್ಕೆ ಸಾಲದು.

— ಅದಕ್ಕೆ ಪರಿಹಾರವಿದೆ. ಕಚೇರಿಯ ಯಂತ್ರವೇ ವೈರ್‌ಗಾರ್ಡ್ ಎಂಬ ತಂತ್ರಾಂಶದಿಂದ ಗುಪ್ತ ಸುರಂಗವೊಂದನ್ನು ಸರ್ವರಿನವರೆಗೆ ತೆರೆದಿಟ್ಟು, 25 ಸೆಕೆಂಡಿಗೊಮ್ಮೆ ಒಂದು ಪುಟ್ಟ ಪ್ಯಾಕೆಟ್ ಕಳಿಸುತ್ತಿದ್ದರೆ ಸುರಂಗ ಮುಚ್ಚುವುದಿಲ್ಲ. ಆ ಸುರಂಗದ ಒಳಗಿನಿಂದ ಸರ್ವರ್ ಬಂದು ಸೆಳೆದುಕೊಳ್ಳಬಹುದು. ದೂರದಿಂದ ಲಾಗಿನ್ ಆಗುವ ಎಸ್‌ಎಸ್‌ಎಚ್ ವಿಧಾನದ ಹಿಮ್ಮುಖ ಸುರಂಗದಿಂದಲೂ ಇದೇ ಕೆಲಸ ಆಗುತ್ತದೆ.

— ಆಗುತ್ತದೆ. ಆದರೆ ಆಗ ಸುರಂಗದ ಇನ್ನೊಂದು ತುದಿಯಲ್ಲಿರುವ ಸರ್ವರಿಗೆ ಕಚೇರಿಯೊಳಗೆ ಇಪ್ಪತ್ನಾಲ್ಕು ಗಂಟೆಯೂ ಪ್ರವೇಶ. ಎಲ್ಲ ಕಡತ ಓದಬೇಕಾದ್ದರಿಂದ ಅದಕ್ಕೆ ಸಾಮಾನ್ಯವಾಗಿ ಆಡಳಿತಾಧಿಕಾರವನ್ನೇ ಕೊಡುತ್ತಾರೆ. ಆರ್‌ಸಿಂಕ್ ಎಂಬ ಕಡತ ನಕಲು ತಂತ್ರಾಂಶದ ಮೇಲೆ ನಿಂತ ಹಳೆಯ ಸೆಳೆಯುವ ಉಪಕರಣಗಳು ಕಡತವನ್ನು ಇದ್ದದ್ದು ಇದ್ದ ಹಾಗೆ ಒಯ್ಯುತ್ತವೆ. ದಾರಿಯಲ್ಲಿ ಗುಪ್ತವಾಗಿದ್ದರೂ ಸರ್ವರಿಗೆ ಮುಟ್ಟಿದ ಮೇಲೆ ಬಯಲು. ಸರ್ವರಿನ ಡಿಸ್ಕನ್ನು ಎನ್‌ಕ್ರಿಪ್ಟ್ ಮಾಡಿದರೂ, ಅಂದರೆ ಕೀಲಿಯಿಲ್ಲದೆ ಓದಲಾಗದಂತೆ ಮುಚ್ಚಿದರೂ, ಸರ್ವರ್ ಓಡುತ್ತಿರುವಷ್ಟು ಹೊತ್ತು ಅದು ತೆರೆದೇ ಇರುತ್ತದೆ. ಸಾಲಗಾರರ ಹೆಸರು, ಆಧಾರ್ ಪ್ರತಿ, ರೋಗಿಯ ರಕ್ತಪರೀಕ್ಷೆ ಎಲ್ಲವೂ ಸರ್ವರ್ ನೋಡಿಕೊಳ್ಳುವವರ ಕಣ್ಣೆದುರು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಸೂಕ್ತ ಭದ್ರತೆ ಇಡದೆ ದತ್ತಾಂಶ ಸೋರಿದರೆ 250 ಕೋಟಿ ರೂಪಾಯಿಯವರೆಗೆ ದಂಡಕ್ಕೆ ಅವಕಾಶ ಕೊಟ್ಟಿದೆ. ಕಾನೂನಿನ ಮಾತು ಬಿಟ್ಟರೂ, ಸಣ್ಣ ಊರಿನಲ್ಲಿ ಯಾರ ಸಾಲ ಎಷ್ಟು, ಯಾರಿಗೆ ಯಾವ ಕಾಯಿಲೆ ಎನ್ನುವುದು ಹೊರಬಿದ್ದರೆ ಆಗುವ ನೋವಿಗೆ ದಂಡದಿಂದ ಪರಿಹಾರವಿಲ್ಲ. ದತ್ತಾಂಶ ಕಚೇರಿಯ ಹೊಸಿಲು ದಾಟುವ ಮೊದಲೇ ಎನ್‌ಕ್ರಿಪ್ಟ್ ಆಗಬೇಕು.

— ಹಾಗೆ ಮಾಡಿ ಸೆಳೆಯಲು ಬರುವುದಿಲ್ಲವೇ?

— ಬರುತ್ತದೆ. ಕಚೇರಿಯ ಯಂತ್ರ ಮೊದಲು ತನ್ನದೇ ಇನ್ನೊಂದು ಡಿಸ್ಕಿನಲ್ಲಿ ಗುಪ್ತ ಭಂಡಾರವನ್ನು, ಅಂದರೆ ಎನ್‌ಕ್ರಿಪ್ಟ್ ಆದ ಪ್ರತಿಗಳ ಸಂಗ್ರಹವನ್ನು, ಕಟ್ಟಿಕೊಳ್ಳಬೇಕು. ಸರ್ವರಿಗೆ ಆ ಒಂದು ಫೋಲ್ಡರನ್ನು ಓದುವ ಹಕ್ಕು ಮಾತ್ರ ಕೊಡಬೇಕು. ಎಸ್‌ಎಸ್‌ಎಚ್ ಕೀಲಿಯ ಸಾಲಿನಲ್ಲೇ ಇಂಥ ಒಂದೇ ಆಜ್ಞೆ ನಡೆಯಲಿ ಎಂದು ಕಟ್ಟುಹಾಕಬಹುದು. ಆಗ ಸರ್ವರಿಗೆ ಸಿಗುವುದು ಅರ್ಥವಾಗದ ತುಂಡುಗಳ ರಾಶಿ. ಕಚೇರಿಯ ಬಳಿ ಸರ್ವರಿನ ಯಾವ ಕೀಲಿಯೂ ಇರುವುದಿಲ್ಲ. ಶುದ್ಧ ಭದ್ರತೆಯ ದೃಷ್ಟಿಯಿಂದ ಇದು ಬಹಳ ಚೆಂದದ ವ್ಯವಸ್ಥೆ. ಬೆಲೆ ಎರಡು: ಕಚೇರಿಯಲ್ಲಿ ಇನ್ನೊಂದು ಡಿಸ್ಕು ಬೇಕು, ಮತ್ತು ಆ ಸ್ಥಳೀಯ ಭಂಡಾರವನ್ನು ರಾನ್ಸಮ್‌ವೇರ್ (ಕಡತಗಳಿಗೆ ಬೀಗ ಜಡಿದು ಹಣ ಕೇಳುವ ದುಷ್ಟ ತಂತ್ರಾಂಶ) ಹಾಳುಮಾಡಿದರೆ ಸರ್ವರ್ ಹಾಳಾದದ್ದನ್ನೇ ಸೆಳೆದುಕೊಳ್ಳುತ್ತದೆ. ಮೂಲದಲ್ಲಿ ಅಳಿದದ್ದನ್ನು ಇಲ್ಲೂ ಅಳಿಸು ಎಂದು ಆರ್‌ಸಿಂಕ್‌ಗೆ ಹೇಳಿದ್ದರೆ ಕಥೆ ಅಲ್ಲಿಗೆ ಮುಗಿಯಿತು. ಒಂದೊಂದು ರಾತ್ರಿ ಸೆಳೆದದ್ದನ್ನೂ ಸರ್ವರ್ ತನ್ನ ಕಡೆ ಬೇರೆ ಬೇರೆ ಸ್ನ್ಯಾಪ್‌ಶಾಟ್ ಆಗಿ, ಅಂದರೆ ಆ ಹೊತ್ತಿನ ಸ್ಥಿತಿಯ ಪ್ರತಿಯಾಗಿ, ಇಟ್ಟುಕೊಂಡರೆ ಮಾತ್ರ ಇದು ಬ್ಯಾಕಪ್. ಇಲ್ಲದಿದ್ದರೆ ಬರೀ ಕನ್ನಡಿ.

— ರಾನ್ಸಮ್‌ವೇರಿನ ಮಾತು ಬಂದದ್ದರಿಂದ ತಳ್ಳುವ ಕ್ರಮದ ದೌರ್ಬಲ್ಯವನ್ನೂ ಬಿಡಿಸಿ ನೋಡಬೇಕು. ಮಂಡಿಯ ಕಂಪ್ಯೂಟರಿನಲ್ಲಿ ಸರ್ವರಿನ ಕೀಲಿ ಇದೆ ಎಂದಾಯಿತು. ದಾಳಿ ಮಾಡಿದವನು ಆ ಕೀಲಿ ಹಿಡಿದು ಸರ್ವರಿಗೆ ಹೋಗಿ ಹಳೆಯ ಪ್ರತಿಗಳನ್ನೆಲ್ಲ ಅಳಿಸಿ ಬಂದರೆ?

— ಹಾಗೆ ಆಗಿದೆ. 2014ರ ಜೂನ್‌ನಲ್ಲಿ ಕೋಡ್ ಸ್ಪೇಸಸ್ ಎಂಬ ಕಂಪನಿಯ ಕ್ಲೌಡ್ ನಿಯಂತ್ರಣ ಫಲಕಕ್ಕೆ ಒಬ್ಬ ಹೊಕ್ಕ. ಹಣ ಕೇಳಿದ. ಕಂಪನಿಯವರು ಹಿಡಿತ ಮರಳಿ ಪಡೆಯಲು ಯತ್ನಿಸಿದ್ದು ಕಂಡು ಯಂತ್ರಗಳು, ಸಂಗ್ರಹ, ಸ್ನ್ಯಾಪ್‌ಶಾಟುಗಳು, ಬ್ಯಾಕಪ್ಪುಗಳು ಎಲ್ಲವನ್ನೂ ಅಳಿಸುತ್ತ ಹೋದ. 12 ಗಂಟೆಗಳಲ್ಲಿ ಹೆಚ್ಚಿನದೆಲ್ಲ ಹೋಗಿತ್ತು, ಕಂಪನಿ ಬಾಗಿಲು ಮುಚ್ಚಿತು. ಅವರಲ್ಲಿ ಬ್ಯಾಕಪ್ ಇತ್ತು. ಮೂಲವನ್ನು ಅಳಿಸಬಲ್ಲ ಕೈಯೇ ಬ್ಯಾಕಪ್ಪನ್ನೂ ಅಳಿಸಬಲ್ಲದಾಗಿತ್ತು, ಅಷ್ಟೇ. ಎನ್‌ಕ್ರಿಪ್ಷನ್ ಇಲ್ಲಿ ಎಳ್ಳಷ್ಟೂ ಸಹಾಯಕ್ಕೆ ಬರುವುದಿಲ್ಲ. ಬೀಗ ಹಾಕಿದ ಪೆಟ್ಟಿಗೆಯನ್ನು ಓದಲಾಗದಿದ್ದರೂ ಸುಡಬಹುದು.

— ಹಾಗಾದರೆ ತಳ್ಳುವ ಕ್ರಮವನ್ನು ಕೈಬಿಡಬೇಕೆ?

— ಬೇಕಿಲ್ಲ. ಕಳಿಸುವ ಹಕ್ಕನ್ನೂ ಅಳಿಸುವ ಹಕ್ಕನ್ನೂ ಬೇರೆ ಮಾಡಿದರೆ ಸಾಕು. ದೇವಸ್ಥಾನದ ಹುಂಡಿಗೆ ಯಾರು ಬೇಕಾದರೂ ಹಾಕಬಹುದು, ತೆಗೆಯುವುದು ಧರ್ಮದರ್ಶಿಗಳ ಎದುರು ಮಾತ್ರ. ಸರ್ವರಿನ ಭಂಡಾರವೂ ಹಾಗಿರಬೇಕು. ಇದಕ್ಕೆ ಅಪೆಂಡ್-ಓನ್ಲಿ ಎನ್ನುತ್ತಾರೆ: ಸೇರಿಸಬಹುದು, ತೆಗೆಯಲಾಗದು. ರೆಸ್ಟಿಕ್‌ನವರೇ ಕೊಡುವ ರೆಸ್ಟ್-ಸರ್ವರಿನಲ್ಲಿ ಈ ವ್ಯವಸ್ಥೆ ಇದೆ, ಬೋರ್ಗ್‌ನಲ್ಲೂ ಇದೆ. ಬಾಡಿಗೆಯ ಕ್ಲೌಡ್ ಸಂಗ್ರಹದಲ್ಲಿ ಆಬ್ಜೆಕ್ಟ್ ಲಾಕ್ ಎಂಬ ಹೆಸರಿನಲ್ಲಿ ಸಿಗುತ್ತದೆ. ಇಷ್ಟು ದಿನ ಯಾರೂ ಅಳಿಸುವಂತಿಲ್ಲ ಎಂದು ಅವಧಿ ಗೊತ್ತುಮಾಡಬಹುದು. ಕಟ್ಟುನಿಟ್ಟಿನ ವಿಧದಲ್ಲಿ ಖಾತೆಯ ಒಡೆಯನಿಂದಲೂ ಆ ಅವಧಿ ಮುಗಿಯುವವರೆಗೆ ಅಳಿಸಲು ಆಗುವುದಿಲ್ಲ.

— ಸೇರಿಸುತ್ತಲೇ ಹೋದರೆ ಡಿಸ್ಕು ತುಂಬುತ್ತದೆ. ಎಂದಾದರೊಂದು ದಿನ ಹಳೆಯದನ್ನು ತೆಗೆಯಲೇಬೇಕು.

— ಅಲ್ಲೇ ಸೂಕ್ಷ್ಮ ಇರುವುದು, ಮತ್ತು ಇದನ್ನು ಅರಿಯದೆ ಅಪೆಂಡ್-ಓನ್ಲಿ ಹಾಕಿ ನಿಶ್ಚಿಂತರಾಗುವವರು ಹೆಚ್ಚು. ಬೋರ್ಗ್‌ನ 1ನೇ ಸರಣಿಯಲ್ಲಿ ದಾಳಿಕೋರ ಅಳಿಸು ಎಂದರೆ ಅಳಿಸಿದಂತೆ ಕಾಣುತ್ತದೆ, ದತ್ತಾಂಶ ಮಾತ್ರ ಒಳಗೆ ಉಳಿದಿರುತ್ತದೆ. ಆಗಲೇ ಗಮನಿಸಿದರೆ ಹಿಂದಿನ ಸ್ಥಿತಿಗೆ ಮರಳಬಹುದು. ಗಮನಿಸದೆ ಸರ್ವರ್ ನೋಡಿಕೊಳ್ಳುವವರು ತಿಂಗಳ ಕೊನೆಗೆ ಪೂರ್ಣ ಹಕ್ಕಿನಿಂದ ಬಂದು ಜಾಗ ತೆರವು ಮಾಡುವ ಆಜ್ಞೆ ಕೊಟ್ಟರೆ, ಕಳ್ಳನ ಅಪೂರ್ಣ ಕೆಲಸವನ್ನು ಇವರೇ ಪೂರ್ಣಗೊಳಿಸಿದಂತಾಗುತ್ತದೆ. ರೆಸ್ಟಿಕ್‌ನಲ್ಲಿ ಮೋಸ ಬೇರೆ ಬಗೆಯದು. ಕೊನೆಯ ಮೂವತ್ತು ಪ್ರತಿ ಉಳಿಸಿ ಉಳಿದದ್ದನ್ನು ಅಳಿಸು ಎಂಬ ನಿಯಮ ಇದ್ದರೆ ದಾಳಿಕೋರ ಏನನ್ನೂ ಅಳಿಸಬೇಕಿಲ್ಲ. ಒಂದೇ ರಾತ್ರಿ ಮೂವತ್ತು ಕಸದ ಪ್ರತಿ ಸೇರಿಸಿದರೆ ಸಾಕು, ನಿಜವಾದವು ನಿಯಮದ ಪ್ರಕಾರವೇ ಹೊರಹೋಗುತ್ತವೆ. ಆದ್ದರಿಂದ ಸಂಖ್ಯೆಯ ಬದಲು ಕಾಲದ ಲೆಕ್ಕದಲ್ಲಿ ಉಳಿಸಬೇಕು; ಮುಂದಿನ ದಿನಾಂಕ ಹೊತ್ತ ಪ್ರತಿಗಳು, ಇದ್ದಕ್ಕಿದ್ದಂತೆ ಹಿಗ್ಗಿದ ಕುಗ್ಗಿದ ಪ್ರತಿಗಳು ಇವೆಯೇ ಎಂದು ಕಣ್ಣಾರೆ ನೋಡಿದ ಮೇಲೆಯೇ ತೆರವು ಮಾಡಬೇಕು. ಈ ಕೆಲಸವನ್ನು ಕಚೇರಿಯ ಯಂತ್ರದಿಂದ ಎಂದೂ ಮಾಡಬಾರದು. ತೆರವಿಗೆ ಭಂಡಾರದ ಪಾಸ್‌ವರ್ಡ್ ಬೇಕಾಗುವುದರಿಂದ ಅದನ್ನು ಸರ್ವರಿನಲ್ಲಿ ಬರೆದಿಡುವುದೂ ಸಲ್ಲದು. ಸಂಸ್ಥೆಯವರದೇ ಮೂರನೆಯ ಯಂತ್ರ, ಬೇರೆ ಹೊತ್ತಿನಲ್ಲಿ ಮುಚ್ಚಿಟ್ಟಿರುವಂಥದ್ದು, ಈ ಕೆಲಸಕ್ಕೆ ಸರಿ.

— ಪಾಸ್‌ವರ್ಡಿನ ವಿಷಯದಲ್ಲಿ ಇನ್ನೊಂದು ಸಂದೇಹ. ತಳ್ಳುವ ಯಂತ್ರಕ್ಕೆ ಭಂಡಾರದ ಪಾಸ್‌ವರ್ಡ್ ಗೊತ್ತಿರಬೇಕು. ಹಾಗಿದ್ದರೆ ಯಂತ್ರ ಕದ್ದವನು ಹಳೆಯ ಪ್ರತಿಗಳನ್ನೆಲ್ಲ ಓದಬಲ್ಲ.

— ಓದಬಲ್ಲ. ರೆಸ್ಟಿಕ್, ಬೋರ್ಗ್ ಎರಡರಲ್ಲೂ ಬರೆಯಬಲ್ಲವನು ಓದಲೂ ಬಲ್ಲ. ಮಂಡಿಯ ಲೆಕ್ಕಕ್ಕೆ ಇದು ದೊಡ್ಡ ಕೊರತೆಯಲ್ಲ, ಏಕೆಂದರೆ ಆ ಯಂತ್ರದಲ್ಲಿ ಹಳೆಯ ವರ್ಷಗಳ ಲೆಕ್ಕ ಹೇಗೂ ಇರುತ್ತದೆ. ವರ್ಷಕ್ಕೊಮ್ಮೆ ಹಳೆಯ ಕಡತ ತೆಗೆದುಹಾಕುವ ಆಸ್ಪತ್ರೆಗೆ ಇದು ಕೊರತೆಯೇ. ಅಲ್ಲಿ ಜಿಪಿಜಿ ಅಥವಾ ಏಜ್‌ನಂಥ ಎರಡು ಕೀಲಿಯ ವಿಧಾನ ಹೊಂದುತ್ತದೆ: ಮುಚ್ಚುವ ಕೀಲಿ ಮಾತ್ರ ಕಚೇರಿಯಲ್ಲಿ, ತೆರೆಯುವ ಕೀಲಿ ಬೇರೆಲ್ಲೋ. ಆದರೆ ಆಗ ಬದಲಾದ ತುಂಡನ್ನಷ್ಟೇ ಕಳಿಸುವ ಅನುಕೂಲ ಬಹುಪಾಲು ತಪ್ಪುತ್ತದೆ. ಇಡೀ ಪ್ರತಿಯನ್ನು ಆಗಾಗ ಮತ್ತೆ ಕಳಿಸಬೇಕಾಗುತ್ತದೆ.

— ಅಡಿಕೆ ಮಂಡಿಯ ಕಂಪ್ಯೂಟರ್ ವಿಂಡೋಸಿನದು. ಮೇಲೆ ಹೇಳಿದ್ದೆಲ್ಲ ಲಿನಕ್ಸಿನವರ ಲೋಕದಂತಿದೆ.

— ರೆಸ್ಟಿಕ್ ವಿಂಡೋಸಿನಲ್ಲಿ ನೇರವಾಗಿ ಓಡುತ್ತದೆ, ಟ್ಯಾಲಿ ತೆರೆದಿದ್ದಾಗ ಬಿಗಿಹಿಡಿದ ಕಡತಗಳನ್ನೂ ವಿಂಡೋಸಿನ ನೆರಳು ಪ್ರತಿಯ ಮೂಲಕ ಓದಬಲ್ಲದು. ಸೆಳೆಯುವುದಕ್ಕಾದರೆ ಆ ವಿಂಡೋಸ್ ಯಂತ್ರದಲ್ಲಿ ಫೋಲ್ಡರ್ ಹಂಚಿಕೆಯನ್ನೋ ಎಸ್‌ಎಸ್‌ಎಚ್ ಸೇವೆಯನ್ನೋ ತೆರೆದಿಡಬೇಕು. ಹಂಚಿಟ್ಟ ಫೋಲ್ಡರು ರಾನ್ಸಮ್‌ವೇರಿಗೆ ಹಬ್ಬುವ ದಾರಿಯೂ ಹೌದು. ಮಂಡಿಯ ಮಟ್ಟಿಗೆ ಬೇರೆ ಮಾತಿಲ್ಲ, ತಳ್ಳುವುದೇ ಸರಿ.

— ತಳ್ಳುವ ಕ್ರಮದಲ್ಲಿ ಮೌನವೊಂದು ದೊಡ್ಡ ತೊಡಕು. ಜಗಳೂರಿನ ಯಂತ್ರ ಮೂರು ದಿನದಿಂದ ಏನೂ ಕಳಿಸಿಲ್ಲವೆಂದರೆ ರಜೆಯೋ, ಕರೆಂಟಿಲ್ಲವೋ, ತಂತ್ರಾಂಶ ಕೆಟ್ಟಿದೆಯೋ ತಿಳಿಯುವುದಿಲ್ಲ. ಸೆಳೆಯುವ ಸರ್ವರಾದರೆ ಗಲಾಟೆ ಎಬ್ಬಿಸುತ್ತಿತ್ತು.

— ನಿಜ. ಗಿಟ್‌ಲ್ಯಾಬ್ ಕಂಪನಿಯಲ್ಲಿ 2017ರ ಜನವರಿ 31ರಂದು ಸಿಬ್ಬಂದಿಯೊಬ್ಬರ ಕೈತಪ್ಪಿನಿಂದ ಮುಖ್ಯ ದತ್ತಸಂಚಯ ಅಳಿದುಹೋಯಿತು. ದಿನವೂ ಕ್ಲೌಡಿಗೆ ತಳ್ಳಬೇಕಿದ್ದ ಪ್ರತಿಗಳನ್ನು ಹುಡುಕಿದರೆ ಅಲ್ಲಿ ಏನೂ ಇರಲಿಲ್ಲ. ಪ್ರತಿ ತೆಗೆಯುವ ತಂತ್ರಾಂಶದ ಆವೃತ್ತಿ ಹೊಂದದೆ ಅದು ವಿಫಲವಾಗುತ್ತ ಬಂದಿತ್ತು. ವಿಫಲವಾಯಿತು ಎಂದು ತಿಳಿಸುವ ಮಿಂಚಂಚೆಗಳನ್ನೂ ಅಂಚೆ ಸರ್ವರ್ ತಿರಸ್ಕರಿಸುತ್ತಿತ್ತು. ಆರು ಗಂಟೆ ಹಿಂದೆ ಬೇರೆ ಕಾರಣಕ್ಕೆ ತೆಗೆದಿದ್ದ ಒಂದು ಸ್ನ್ಯಾಪ್‌ಶಾಟ್ ಅವರನ್ನು ಉಳಿಸಿತು. ಕೆಟ್ಟ ಯಂತ್ರ ತಾನು ಕೆಟ್ಟಿರುವುದನ್ನು ತಾನೇ ವರದಿ ಮಾಡಲಿ ಎಂದು ಕಾಯಬಾರದು ಎನ್ನುವುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಡ. ಎಚ್ಚರಿಕೆ ಸರ್ವರ್ ಕಡೆಯಿಂದ ಬರಬೇಕು: 26 ಗಂಟೆಯೊಳಗೆ ಹೊಸ ಪ್ರತಿ ಬಾರದಿದ್ದರೆ ಸಂಸ್ಥೆಯ ಕಾರ್ಯದರ್ಶಿಯ ಮೊಬೈಲಿಗೆ ಸಂದೇಶ. ಇಷ್ಟು ಮಾಡಿದರೆ ಈ ವಿಷಯದಲ್ಲಿ ತಳ್ಳುವುದಕ್ಕೂ ಸೆಳೆಯುವುದಕ್ಕೂ ವ್ಯತ್ಯಾಸ ಉಳಿಯುವುದಿಲ್ಲ.

— ಹಾಗಾದರೆ ಸೆಳೆಯುವ ಕ್ರಮಕ್ಕೆ ಜಾಗವೇ ಇಲ್ಲವೇ?

— ಇದೆ, ಮತ್ತು ಅದು ಗೌರವದ ಜಾಗ. ನಾಲ್ಕು ಊರುಗಳಿಂದ ತಳ್ಳಿದ ಗುಪ್ತ ಭಂಡಾರಗಳು ಸೇರುವ ಸರ್ವರ್ ಯಾವತ್ತೂ ಇಂಟರ್‌ನೆಟ್ಟಿಗೆ ಕಾಣುತ್ತಿರಲೇಬೇಕು, ಇಲ್ಲದಿದ್ದರೆ ಯಾರೂ ತಳ್ಳಲಾಗದು. ಕಾಣುವುದು ಎಂದಾದರೂ ಮುರಿಯುತ್ತದೆ. ಅದರ ಹಿಂದೆ ಇನ್ನೊಂದು ಯಂತ್ರ ಇರಬೇಕು. ಅದಕ್ಕೆ ಯಾರೂ ಹೊರಗಿನಿಂದ ಲಾಗಿನ್ ಆಗಲಾಗದು, ಅದರ ವಿಳಾಸ ಮೊದಲ ಸರ್ವರಿಗೂ ಗೊತ್ತಿರಬಾರದು. ವಾರಕ್ಕೊಮ್ಮೆ ಅದು ತಾನೇ ಹೋಗಿ ಭಂಡಾರಗಳನ್ನು ಓದುವ ಹಕ್ಕಿನಿಂದ ಸೆಳೆದುಕೊಂಡು, ಸ್ನ್ಯಾಪ್‌ಶಾಟ್ ಇಟ್ಟು, ಸಂಪರ್ಕ ಕಡಿದುಕೊಳ್ಳಬೇಕು. ದತ್ತಾಂಶ ಆಗಲೇ ಗುಪ್ತವಾಗಿರುವುದರಿಂದ ಇದಕ್ಕೆ ಯಾವ ಪಾಸ್‌ವರ್ಡೂ ಬೇಡ. ಸೆಳೆಯುವ ಕ್ರಮದ ದೊಡ್ಡ ದೋಷ ಇಲ್ಲಿ ತಾನಾಗಿಯೇ ಬಿದ್ದುಹೋಗುತ್ತದೆ. 2022ರ ನವೆಂಬರ್ 23ರಂದು ದೆಹಲಿಯ ಏಮ್ಸ್ ಆಸ್ಪತ್ರೆಯ ಸರ್ವರುಗಳ ಮೇಲೆ ದಾಳಿಯಾಗಿ, ದೇಶದ ದೊಡ್ಡ ಆಸ್ಪತ್ರೆ ಕೈಬರಹದ ಚೀಟಿಗೆ ಮರಳಿತು. ಅಲ್ಲಿನ ಇ-ಹಾಸ್ಪಿಟಲ್ ವ್ಯವಸ್ಥೆಯ ದತ್ತಾಂಶವನ್ನು ದಾಳಿ ತಟ್ಟದೆ ಉಳಿದಿದ್ದ ಒಂದು ಬ್ಯಾಕಪ್ ಸರ್ವರಿನಿಂದ ಮರಳಿ ಪಡೆಯಲಾಯಿತು ಎಂದು ಸರಕಾರ ಸಂಸತ್ತಿಗೆ ತಿಳಿಸಿತು. ದಾಳಿ ತಲುಪದ ಜಾಗದಲ್ಲಿ ಒಂದು ಪ್ರತಿ ಇದ್ದದ್ದೇ ಲಕ್ಷಾಂತರ ರೋಗಿಗಳ ದಾಖಲೆ ಉಳಿಯಲು ಕಾರಣ.

— ಲೆಕ್ಕವೇ ಕ್ಲೌಡಿನಲ್ಲಿರುವ ಸಂಸ್ಥೆಗಳ ಗತಿ? ಹಲವು ಸಹಕಾರ ಸಂಘಗಳ ಲೆಡ್ಜರು ಈಗ ಸಂಘದ ಕಂಪ್ಯೂಟರಿನಲ್ಲಿ ಇಲ್ಲ.

— ಅಲ್ಲಿ ದಿಕ್ಕು ತಿರುಗುತ್ತದೆ. 2024ರ ಜುಲೈ ಕೊನೆಯಲ್ಲಿ ಸಿ-ಎಡ್ಜ್ ಎಂಬ ತಂತ್ರಜ್ಞಾನ ಕಂಪನಿಯ ವ್ಯವಸ್ಥೆಗೆ ರಾನ್ಸಮ್‌ವೇರ್ ತಗುಲಿ, ದೇಶದ ಸುಮಾರು 300 ಸಣ್ಣ ಬ್ಯಾಂಕುಗಳ ಪಾವತಿ ಸೇವೆ ನಿಂತಿತು. ಹೆಚ್ಚಿನವು ಸಹಕಾರಿ ಮತ್ತು ಗ್ರಾಮೀಣ ಬ್ಯಾಂಕುಗಳು. ತಂತ್ರಾಂಶ ಕೊಟ್ಟ ಕಂಪನಿ ಬ್ಯಾಕಪ್ ಇಡುತ್ತದೆ ಎನ್ನುವುದು ಸಂಘದ ಬಳಿ ಬ್ಯಾಕಪ್ ಇದೆ ಎಂದಂತೆ ಅಲ್ಲ. ದಿನದ ಕೊನೆಯ ಶಿಲ್ಕು, ಸದಸ್ಯರ ಬಾಕಿ ಪಟ್ಟಿಗಳನ್ನು ಸಂಘದ ಕಂಪ್ಯೂಟರ್ ಕ್ಲೌಡಿನಿಂದ ಸೆಳೆದುಕೊಂಡು, ಎನ್‌ಕ್ರಿಪ್ಟ್ ಮಾಡಿ, ಮೇಲಿನಂತೆ ಬೇರೆ ಊರಿಗೆ ತಳ್ಳಬೇಕು. ಸೆಳೆಯುವುದು ತಳ್ಳುವುದು ಎರಡೂ ಇಲ್ಲಿ ಒಂದೇ ಸಂಜೆಯ ಕೆಲಸ.

— ಬೇರೆ ಊರು ಎಂದರೆ ಯಾವ ಊರು?

— ಎನ್‌ಕ್ರಿಪ್ಷನ್‌ನ ನಿಜವಾದ ಬಲ ಇರುವುದು ಈ ಪ್ರಶ್ನೆಯಲ್ಲಿ. ಕಡತ ಓದಲಾಗದಂತೆ ಮುಚ್ಚಿದ ಮೇಲೆ ಅದನ್ನು ಯಾರ ಕೋಣೆಯಲ್ಲಾದರೂ ಇಡಬಹುದು. ಹೊನ್ನಾಳಿಯ ಆಸ್ಪತ್ರೆಯ ಪ್ರತಿ ಜಗಳೂರಿನ ಶಾಲೆಯ ಡಿಸ್ಕಿನಲ್ಲಿರಬಹುದು, ಶಾಲೆಯದು ಆಸ್ಪತ್ರೆಯಲ್ಲಿರಬಹುದು. ಬಾಡಿಗೆ ಕೊಡಲಾಗದ ಸಂಸ್ಥೆಗಳಿಗೆ ಇದು ದೊಡ್ಡ ಆಸರೆ. ಊರನ್ನು ಮಾತ್ರ ಅಪಾಯ ನೋಡಿ ಆರಿಸಬೇಕು. ಹೊನ್ನಾಳಿ ತುಂಗಭದ್ರೆಯ ದಂಡೆಯ ಊರು. ಮಳೆಗಾಲದಲ್ಲಿ ಮೇಲಿನ ಜಲಾಶಯಗಳಿಂದ ನೀರು ಬಿಟ್ಟಾಗ ತಗ್ಗಿನ ಬಡಾವಣೆಗಳಿಗೆ ನದಿ ನುಗ್ಗುತ್ತದೆ, ಅದೇ ನೀರು ಮುಂದೆ ಹರಿಹರದ ತಗ್ಗಿಗೂ ಬರುತ್ತದೆ. ಆದ್ದರಿಂದ ಹೊನ್ನಾಳಿಯ ಪ್ರತಿ ಹರಿಹರದ ನದಿಯಂಚಿನಲ್ಲಿ ಇರಬಾರದು. ಬರಕ್ಕೆ ಹೆಸರಾದ, ದೊಡ್ಡ ನದಿಯ ದಂಡೆಯಲ್ಲಿಲ್ಲದ ಜಗಳೂರು ಅದಕ್ಕೆ ಒಳ್ಳೆಯ ಮನೆ. ಚನ್ನಗಿರಿ, ಹೊನ್ನಾಳಿಗಳು ದಾವಣಗೆರೆ ಜಿಲ್ಲೆ ಹುಟ್ಟಿದ 1997ರ ಆಗಸ್ಟ್ 15ರವರೆಗೆ ಶಿವಮೊಗ್ಗ ಜಿಲ್ಲೆಯಲ್ಲಿದ್ದವು, ಜಗಳೂರು ಚಿತ್ರದುರ್ಗದಲ್ಲಿತ್ತು. ಹೊನ್ನಾಳಿಯಿಂದ ಬೇರೆಯಾದ ನ್ಯಾಮತಿ ಇತ್ತೀಚಿನ ತಾಲ್ಲೂಕು. ವ್ಯಾಪಾರ, ನೆಂಟಸ್ತಿಕೆ ಇಂದಿಗೂ ಆ ಹಳೆಯ ಜಿಲ್ಲಾ ಕೇಂದ್ರಗಳ ಕಡೆಗೂ ಹರಿಯುತ್ತವೆ; ಎರಡನೆಯ ಪ್ರತಿಗೆ ಅಲ್ಲೊಂದು ಜಾಗ ಹುಡುಕುವುದು ಕಷ್ಟವಲ್ಲ.

— ಒಂದೇ ದೊಡ್ಡ, ಒಳ್ಳೆಯ ಕೇಂದ್ರದಲ್ಲಿ ಇಟ್ಟರೆ ಇಷ್ಟೆಲ್ಲ ತಾಪತ್ರಯ ಬೇಡವಲ್ಲ?

— 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಕಂಪನಿಯ ದತ್ತಾಂಶ ಕಟ್ಟಡವೊಂದು ಪೂರ್ತಿ ಸುಟ್ಟಿತು. ಮೂಲವೂ ಬ್ಯಾಕಪ್ಪೂ ಅಲ್ಲೇ ಇದ್ದ ಗ್ರಾಹಕರು ಎರಡನ್ನೂ ಕಳೆದುಕೊಂಡರು. 2025ರ ಸೆಪ್ಟೆಂಬರ್ 26ರಂದು ದಕ್ಷಿಣ ಕೊರಿಯಾದ ದೇಜಾನ್‌ನಲ್ಲಿ ಸರಕಾರಿ ದತ್ತಾಂಶ ಕೇಂದ್ರಕ್ಕೆ ಬೆಂಕಿ ಬಿದ್ದು, ನೌಕರರ ಕಡತಗಳಿದ್ದ 858 ಟೆರಾಬೈಟ್‌ಗಳ ಭಂಡಾರ ಹೋಯಿತು. ಅದು ಅಷ್ಟು ದೊಡ್ಡದಾಗಿದ್ದರಿಂದ ಹೊರಗೆ ಪ್ರತಿಯೇ ಇರಲಿಲ್ಲ. ಕೇಂದ್ರ ಎಷ್ಟು ದೊಡ್ಡದಿದ್ದರೂ ಅದು ಒಂದೇ ಕಟ್ಟಡ.

— ಕೊನೆಗೆ ಉಳಿಯುವುದು ಭಂಡಾರ ತೆರೆಯುವ ಪಾಸ್‌ವರ್ಡ್. ಕಂಪ್ಯೂಟರ್ ಸುಟ್ಟು, ಅದರೊಳಗಿದ್ದ ಪಾಸ್‌ವರ್ಡೂ ಸುಟ್ಟರೆ?

— ಜಗಳೂರಿನಲ್ಲಿರುವ ಪ್ರತಿ ಯಾರಿಗೂ ಬೇಡದ ಕಸ. ರೆಸ್ಟಿಕ್‌ನಲ್ಲಾಗಲಿ ಬೋರ್ಗ್‌ನಲ್ಲಾಗಲಿ ಮರೆತ ಪಾಸ್‌ವರ್ಡಿಗೆ ಹಿಂಬಾಗಿಲಿಲ್ಲ. ಬೋರ್ಗ್ ತನ್ನ ಕೀಲಿಯನ್ನು ಕಾಗದದ ಮೇಲೆ ಮುದ್ರಿಸಿಕೊಳ್ಳಲು ಬರುವಂತೆ ಕೊಡುತ್ತದೆ. ಕೀಲಿ, ಪಾಸ್‌ವರ್ಡ್, ಸರ್ವರಿನ ವಿಳಾಸ, ಮರಳಿ ಪಡೆಯುವ ಹಂತಗಳು ಇವಿಷ್ಟನ್ನು ಕನ್ನಡದಲ್ಲಿ ಒಂದು ಹಾಳೆಯಲ್ಲಿ ಬರೆದು, ಮೊಹರು ಮಾಡಿದ ಲಕೋಟೆಯಲ್ಲಿ ಎರಡು ಕಡೆ ಇಡಬೇಕು. ಒಂದು ಸಂಸ್ಥೆಯ ಅಧ್ಯಕ್ಷರ ಮನೆಯಲ್ಲಿ, ಇನ್ನೊಂದು ಬೇರೆ ತಾಲ್ಲೂಕಿನ ಬ್ಯಾಂಕ್ ಲಾಕರಿನಲ್ಲಿ. ಪ್ರತಿ ಇರುವ ಕಟ್ಟಡದಲ್ಲಿ ಮಾತ್ರ ಇಡಬಾರದು. ಕಂಪ್ಯೂಟರ್ ಹಾಕಿಕೊಟ್ಟ ಹುಡುಗ ಕೆಲಸ ಬಿಟ್ಟು ಬೆಂಗಳೂರಿಗೆ ಹೋದರೂ, ಆ ಹಾಳೆ ಓದಿ ಇನ್ನೊಬ್ಬರು ಕೆಲಸ ಮುಂದುವರಿಸುವಂತಿರಬೇಕು.

— ಇಷ್ಟೆಲ್ಲ ಮಾಡಿದ ಮೇಲೂ ಸರಿಯಿದೆ ಎಂದು ತಿಳಿಯುವುದು ಹೇಗೆ?

— ಮರಳಿ ಪಡೆದು ನೋಡಿದರೆ ಮಾತ್ರ. ಕಚೇರಿಯ ಕಂಪ್ಯೂಟರಿನಲ್ಲಿ ಅಲ್ಲ, ಎರವಲು ತಂದ ಬೇರೆ ಯಂತ್ರದಲ್ಲಿ. ಪಾಸ್‌ವರ್ಡ್ ಬಲ್ಲವರ ಕೈಯಿಂದ ಅಲ್ಲ, ಲಕೋಟೆಯ ಹಾಳೆ ಓದಿಕೊಂಡು ಮಾಡುವ ಇನ್ನೊಬ್ಬರ ಕೈಯಿಂದ. ಹೋದ ತಿಂಗಳ ಒಂದು ದಿನದ ಟ್ಯಾಲಿ ಕಡತ ತೆರೆದು, ಅಂದಿನ ಶಿಲ್ಕು ರೋಕಡಿ ಪುಸ್ತಕಕ್ಕೆ ಹೊಂದುತ್ತದೆಯೇ ನೋಡಬೇಕು. ಎಷ್ಟು ಗಂಟೆ ಹಿಡಿಯಿತು ಎಂಬುದನ್ನೂ ಬರೆದಿಡಬೇಕು, ಏಕೆಂದರೆ ಕಷ್ಟದ ದಿನ ಮಂಡಿಯ ಮುಂದೆ ನಿಂತ ರೈತರಿಗೆ ಹೇಳಬೇಕಾದ ಉತ್ತರ ಅದು. ಹೊನ್ನಾಳಿ, ನ್ಯಾಮತಿಯವರು ಇದನ್ನು ಮುಂಗಾರು ಹಿಡಿಯುವ ಮೊದಲು ಮಾಡಲಿ, ಚನ್ನಗಿರಿಯವರು ಅಡಿಕೆ ಕೊಯ್ಲಿಗೆ ಮೊದಲು, ಜಗಳೂರಿನ ಶಾಲೆಯವರು ಬೇಸಿಗೆ ರಜೆಯಲ್ಲಿ.